ಐದನೇ ಮಹಡಿಯ ಮೊಸಳೆಗೆ ಫಾರ್ಮ್ ಉಂಟು

ಮಂಗಳೂರಿನಲ್ಲಿ ದೊಡ್ಡಸ್ತಿಕೆ ತೋರಿಸುವುದು ಈಗ ಬಹಳ ಕಷ್ಟದ ಕೆಲಸ. ಕಾರು ತೆಗೆದುಕೊಂಡರೆ ಪಕ್ಕದವರು ಅದಕ್ಕಿಂತ ಉದ್ದದ್ದು ತೆಗೆದುಕೊಳ್ಳುತ್ತಾರೆ. ಮಗನನ್ನು ಕೆನಡಾಕ್ಕೆ ಕಳಿಸಿದರೆ ಅವರ ಇಬ್ಬರು ಮಕ್ಕಳೂ ಅಲ್ಲೇ ಇರುತ್ತಾರೆ. ಹಿಮದಲ್ಲಿ ಗಾಡಿ ಎಳೆಯಬೇಕಾದ ಹಸ್ಕಿ ನಾಯಿಯನ್ನು ಮೇ ತಿಂಗಳ ಸೆಕೆಯಲ್ಲಿ ಬೆಂದೂರುವೆಲ್‌ನಲ್ಲಿ ವಾಕಿಂಗ್ ಕರೆದುಕೊಂಡು ಹೋಗುವುದೂ ಹಳೆಯದಾಯ್ತು. ಇಗುವಾನಾ ಬಂತು, ಬಾಲ್ ಪೈಥಾನ್ ಬಂತು, ಶುಗರ್ ಗ್ಲೈಡರ್ ಜೇಬಿನೊಳಗೆ ಕೂತು ಮಾಲ್ ನೋಡಿ ಬಂತು. ಇನ್ನು ಉಳಿದದ್ದು ಮೊಸಳೆ.

ಗಾಬರಿ ಬೇಡ. ಸಣ್ಣ ಮೊಸಳೆ.

ಕದ್ರಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಐದನೇ ಮಹಡಿಯ ಯಜಮಾನರು ಇದನ್ನು ತರಿಸುವ ಯೋಚನೆಯಲ್ಲಿದ್ದಾರೆ. "ಎಂತ ಹೆದರ್ತೀರಿ ಮಾರಾಯ್ರೆ, ಇದು ಡ್ವಾರ್ಫ್. ದೊಡ್ಡದಾಗುವುದೇ ಇಲ್ಲ" ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಧೈರ್ಯ ಹೇಳುತ್ತಿದ್ದಾರೆ. ಅವರು ಹೇಳುವುದು ಕುವಿಯರ್ ಡ್ವಾರ್ಫ್ ಕೈಮನ್ ಎಂಬ ಜಾತಿ. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ನದಿಗಳ ಕಡೆಯದ್ದು. ಹುಟ್ಟಿದಾಗ ಅಂಗೈ ಮೇಲೆ ಕೂರುತ್ತದೆ. ಅಂಗಡಿಯವನು ವಾಟ್ಸಾಪಿನಲ್ಲಿ ಕಳಿಸುವುದು ಆ ವಯಸ್ಸಿನ ಫೋಟೋವನ್ನೇ. ಬೆಳೆದ ಮೇಲೆ ಹೆಣ್ಣು 4 ಅಡಿ, ಗಂಡು 5 ಅಡಿ ಅಥವಾ ಸ್ವಲ್ಪ ಜಾಸ್ತಿ. ಒಡಿಶಾದ ಭಿತರ್‌ಕನಿಕದಲ್ಲಿರುವ ಉಪ್ಪುನೀರಿನ ಮೊಸಳೆಯ ಪಕ್ಕದಲ್ಲಿಟ್ಟರೆ ಇದು ಸಣ್ಣದೇ, ಒಪ್ಪೋಣ. ಆದರೆ ನಮ್ಮ ಯಜಮಾನರ ಎತ್ತರವೂ 5 ಅಡಿ 4 ಇಂಚು. ಅವರನ್ನು ಯಾರೂ ಸಣ್ಣ ಮನುಷ್ಯ ಅನ್ನುವುದಿಲ್ಲ, ಎದುರಿಗಂತೂ ಅನ್ನುವುದಿಲ್ಲ. ಮೇಲಾಗಿ ಅವರಿಗೆ ಈಗ ಉಳಿದಿರುವ ಹಲ್ಲು ಎಷ್ಟೋ ಅಷ್ಟೇ. ಮೊಸಳೆಯದ್ದು ಹಾಗಲ್ಲ, ಒಂದು ಬಿದ್ದರೆ ಅದೇ ಜಾಗದಲ್ಲಿ ಇನ್ನೊಂದು ಬರುತ್ತದೆ. ಇಂಪ್ಲಾಂಟಿನ ಖರ್ಚಿಲ್ಲ.

"ಕಾನೂನು?" ಎಂದು ಕೇಳಿದರೆ ಯಜಮಾನರ ಮುಖ ಅರಳುತ್ತದೆ. "ಅದಕ್ಕೆ ಫಾರ್ಮ್ ಉಂಟು!"

ಉಂಟು ಅನ್ನುವುದೇ ಇಲ್ಲಿಯ ತಮಾಷೆ. ನಮ್ಮ ದೇಶದಲ್ಲಿ ಮೂರು ಜಾತಿಯ ಮೊಸಳೆಗಳಿವೆ. ಮಗ್ಗರ್, ಉಪ್ಪುನೀರಿನದ್ದು, ಮತ್ತೆ ಉದ್ದ ಮೂತಿಯ ಘರಿಯಾಲ್. ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ. ದಾಂಡೇಲಿಯ ಕಾಳಿ ನದಿಯಿಂದ ಒಂದು ಮಗ್ಗರ್ ಮರಿ ತಂದು ಬಾತ್‌ರೂಮಿನಲ್ಲಿ ಬಿಟ್ಟುಕೊಂಡರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಸರಿಯಾದದ್ದೇ. ಆದರೆ ಸಮುದ್ರದಾಚೆಯ ಮೊಸಳೆ ಈ ಕಾಯ್ದೆಯ ಕಣ್ಣಿಗೆ ಬಹಳ ವರ್ಷ ಬಿದ್ದಿರಲೇ ಇಲ್ಲ. ಬಾರ್ಡರ್‌ನಲ್ಲಿ ಕಸ್ಟಮ್ಸ್‌ನವರು ಹಿಡಿದರೆ ಹಿಡಿದರು. ಮನೆಯೊಳಗೆ ಸೇರಿದ ಮೇಲೆ ಅದು ಸೋಫಾ ಸೆಟ್ಟಿನ ಹಾಗೆ ಒಂದು ಸಾಮಾನು.

2020ರ ಜೂನ್‌ನಲ್ಲಿ ಕೇಂದ್ರದ ಪರಿಸರ ಸಚಿವಾಲಯಕ್ಕೆ ಇದರ ಬಗ್ಗೆ ಚಿಂತೆ ಹತ್ತಿತು. ಚಿಂತೆಯ ಫಲವಾಗಿ ಒಂದು ಸಲಹಾಪತ್ರ ಬಂತು. ನಿಮ್ಮ ಮನೆಯಲ್ಲಿರುವ ವಿದೇಶಿ ಪ್ರಾಣಿಯನ್ನು 6 ತಿಂಗಳೊಳಗೆ ನೀವಾಗಿಯೇ ಹೇಳಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದಿತು. ಎಲ್ಲಿಂದ ಬಂತು, ಹೇಗೆ ಬಂತು, ಯಾರ ಸೂಟ್‌ಕೇಸಿನಲ್ಲಿ ಬಂತು, ಒಂದೂ ಬೇಡ. ರೇಷನ್ ಕಾರ್ಡಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಅಫಿಡವಿಟ್ ಕೇಳುವ ದೇಶ ಇದು. ಅಮೆಜಾನಿನಿಂದ ಬಂದ ಪ್ರಾಣಿಗೆ ಮಾತ್ರ ಬಾಯಿಮಾತು ಸಾಕಾಯ್ತು.

ಆಮೇಲೆ ಕಾಯ್ದೆಗೆ ತಿದ್ದುಪಡಿ ಬಂತು, 2023ರ ಏಪ್ರಿಲ್ 1ಕ್ಕೆ ಜಾರಿಯಾಯ್ತು. 2024ರ ಫೆಬ್ರವರಿಯಲ್ಲಿ ನಿಯಮಗಳೂ ಬಂದವು. ಈಗ ಇಂಥ ಪ್ರಾಣಿ ಇಟ್ಟುಕೊಂಡವರು ಅದೇ ಸಚಿವಾಲಯದ ಪರಿವೇಶ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಹೊರದೇಶದಿಂದ ತರಬೇಕಾದರೆ ಲೈಸೆನ್ಸ್ ಬೇಕು, ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಮರಿ ಹಾಕಿದರೆ ಹೇಳಬೇಕು, ಸತ್ತರೆ ಹೇಳಬೇಕು, ಬೇರೆಯವರಿಗೆ ಕೊಟ್ಟರೆ ಹೇಳಬೇಕು. ಒಳ್ಳೆಯದೇ. ಅಂದಹಾಗೆ ಗಣಿಗೆ, ಅಣೆಕಟ್ಟಿಗೆ, ಹೆದ್ದಾರಿಗೆ ಪರಿಸರ ಅನುಮತಿ ಕೇಳುವುದೂ ಇದೇ ಪೋರ್ಟಲ್‌ನಲ್ಲಿ. ಒಂದು ಕಿಟಕಿಯಲ್ಲಿ ಕಾಡು ಹೊರಗೆ ಹೋಗುತ್ತದೆ, ಪಕ್ಕದ ಕಿಟಕಿಯಲ್ಲಿ ಮೊಸಳೆ ಮನೆಯೊಳಗೆ ಬರುತ್ತದೆ.

ಇಷ್ಟೆಲ್ಲ ಫಾರ್ಮ್ ತುಂಬುವ ತಾಳ್ಮೆ ಇಲ್ಲದವರು ಬ್ಯಾಂಕಾಕ್ ದಾರಿ ಹಿಡಿಯುತ್ತಾರೆ. 2024ರಲ್ಲಿ ಮುಂಬೈ ವಿಮಾನ ನಿಲ್ದಾಣದಲ್ಲಿ ಐದು ಕೈಮನ್ ಮರಿಗಳು ಟೂತ್‌ಪೇಸ್ಟ್ ಡಬ್ಬದೊಳಗೆ ಸಿಕ್ಕಿದ್ದವು. ನಮ್ಮ ಬಜ್ಪೆ ವಿಮಾನ ನಿಲ್ದಾಣಕ್ಕೆ ಅಷ್ಟು ಭಾಗ್ಯ ಇನ್ನೂ ಬಂದಿಲ್ಲ. ಇಲ್ಲಿ ಪೇಸ್ಟ್ ಅಂದರೆ ಇವತ್ತಿಗೂ ಕದ್ದು ತರುವ ಚಿನ್ನದ ಪೇಸ್ಟೇ.

ಯಜಮಾನರ ಮನೆಯೊಳಗಿನ ವ್ಯವಸ್ಥೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. "ಮಂಗಳೂರಿನ ಸೆಕೆ ಅದಕ್ಕೆ ಊರಿನ ಹಾಗೇ ಆಗ್ತದೆ" ಎಂದು ಅವರ ಲೆಕ್ಕ. ಸೆಕೆಯ ಮಟ್ಟಿಗೆ ಲೆಕ್ಕ ಸರಿ. ಆದರೆ ಮೊಸಳೆ ಇರುವುದು ಮಂಗಳೂರಿನಲ್ಲಿ ಅಲ್ಲ, ಯಜಮಾನರ ಹಾಲ್‌ನಲ್ಲಿ. ಅಲ್ಲಿ ಏಸಿ 20ರಲ್ಲಿ ಓಡುತ್ತದೆ. ಮೊಸಳೆ ತನ್ನ ಮೈ ಬಿಸಿಯನ್ನು ತಾನೇ ಮಾಡಿಕೊಳ್ಳುವ ಪ್ರಾಣಿಯಲ್ಲ. ಹೊರಗೆ ತಣ್ಣಗಾದರೆ ಅದರ ಜೀರ್ಣ ನಿಲ್ಲುತ್ತದೆ, ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಹಾಗಾಗಿ ಒಂದೋ ಏಸಿ, ಇಲ್ಲ ಮೊಸಳೆ. ಯಜಮಾನರ ಹೆಂಡತಿ ಏಸಿಯ ಪಕ್ಷ. ಮೂರನೆಯ ಆಯ್ಕೆಯನ್ನೂ ಅವರು ಸೂಚಿಸಿದ್ದಾರೆ. ಮೊಸಳೆ, ಯಜಮಾನರು ಇಬ್ಬರೂ ಬಾಲ್ಕನಿಯಲ್ಲಿ ಮಲಗಲಿ ಎಂದು.

ನೀರಿನದ್ದು ಬೇರೆಯೇ ಕಥೆ. ಇದಕ್ಕೆ ಮೈ ಮುಳುಗುವಷ್ಟು, ತಿರುಗುವಷ್ಟು ನೀರು ಬೇಕು. ತಿನ್ನುವುದೂ ಅದರಲ್ಲೇ, ಹೇಲುವುದೂ ಅದರಲ್ಲೇ. ದೊಡ್ಡ ಫಿಲ್ಟರ್ ಹಾಕಿದರೂ ಆಗಾಗ ಚೆಲ್ಲಿ ತುಂಬಿಸಲೇಬೇಕು. 2019ರಲ್ಲಿ, 2023ರಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ಇಳಿದು ಊರಿಗೆಲ್ಲ ರೇಷನಿಂಗ್ ಆಗಿತ್ತು. ಆಗ ಈ ಅಪಾರ್ಟ್‌ಮೆಂಟಿನವರು ಬಕೆಟ್ ಹಿಡಿದುಕೊಂಡು ಟ್ಯಾಂಕರ್ ಹಿಂದೆ ಓಡಿದ್ದನ್ನು ನಾನೇ ನೋಡಿದ್ದೇನೆ. ಇನ್ನು ಮುಂದೆ ಟ್ಯಾಂಕರ್ ನೀರಿಗೆ ಪಾಳಿ ಹಚ್ಚುವಾಗ ಐದನೇ ಮಹಡಿಗೆ ಒಂದು ತಲೆ ಜಾಸ್ತಿ ಬರೆಯಬೇಕು.

ಊಟ? "ಬೂತಾಯಿ ಉಂಟಲ್ಲ! ಧಕ್ಕೆಯಲ್ಲಿ ಬೇಕಾದಷ್ಟು ಸಿಗ್ತದೆ." ನಾವು ಕರಾವಳಿಯವರು, ಜಗತ್ತಿನ ಯಾವ ಹಸಿವಿಗೂ ಬೂತಾಯಿ ಮೀನೇ ಉತ್ತರ. ಆದರೆ ಬರೀ ಎಣ್ಣೆ ಮೀನು ತಿನ್ನಿಸಿದರೆ ಮೊಸಳೆಗೆ ಮೈಕೊಬ್ಬು ಗಟ್ಟಿಯಾಗಿ ಉರಿಯೂತ ಬರುವ ಒಂದು ಕಾಯಿಲೆ ಉಂಟು. ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ 2008ರಲ್ಲಿ ಅಂಥದ್ದೇ ಕಾಯಿಲೆಗೆ ನೂರಕ್ಕೂ ಹೆಚ್ಚು ಮೊಸಳೆ ಸತ್ತಿದ್ದವು. ಅದಕ್ಕೆ ಮೂಳೆ ಸಮೇತ ಇಡೀ ಪ್ರಾಣಿ ಬೇಕು. ಇಲಿ, ಕೋಳಿಮರಿ, ಏಡಿ, ಹುಳ. ಇಲ್ಲದಿದ್ದರೆ ಕ್ಯಾಲ್ಸಿಯಂ ಸಾಲದೆ ಮೂಳೆ ಸೊಟ್ಟಗಾಗುತ್ತದೆ. ಅಂದರೆ ಯಜಮಾನರ ಫ್ರಿಜ್ಜಿನಲ್ಲಿ ಮೇಲಿನ ತಟ್ಟೆಯಲ್ಲಿ ನೀರುದೋಸೆಯ ಹಿಟ್ಟು, ಫ್ರೀಜರಿನಲ್ಲಿ ಇಲಿ. ನೆಂಟರು ಐಸ್‌ಕ್ರೀಮ್ ಹುಡುಕುವಾಗ ಜಾಗ್ರತೆ.

ಇಷ್ಟು ಮಾಡಿದ್ದಕ್ಕೆ ಅದು ಪ್ರೀತಿ ಮಾಡುತ್ತದಾ? ಡಬ್ಬದ ಸದ್ದು ಕೇಳಿದರೆ ಹತ್ತಿರ ಬರುತ್ತದೆ. ಡಬ್ಬಕ್ಕೂ ಕೈಗೂ ನಡುವೆ ವ್ಯತ್ಯಾಸ ಮಾಡುವ ಹೊಣೆ ನಮ್ಮದು. ಹಗಲಿಡೀ ಬಿಲದಲ್ಲೋ ನೀರಿನಲ್ಲೋ ಅಡಗಿ ರಾತ್ರಿ ಓಡಾಡುವ ಜಾತಿ ಇದು. ನೆಂಟರು ಬರುವುದು ಹಗಲಿನಲ್ಲಿ. ಲಕ್ಷ ಸುರಿದು ತೋರಿಸಲು ಸಿಗುವುದು ನೀರಿನ ಮೇಲೆ ಎರಡು ಕಣ್ಣು. ಅದೂ ಅದಕ್ಕೆ ಮನಸ್ಸಿದ್ದರೆ.

ಇದೆಲ್ಲ ಕಳೆದ ಭಾನುವಾರ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಮೀಟಿಂಗಿಗೆ ಬಂತು. ನಮ್ಮ ಅಸೋಸಿಯೇಷನ್ ಬಹಳ ಶಿಸ್ತಿನದ್ದು. ನಾಯಿಗೆ ಲಿಫ್ಟ್ ಇಲ್ಲ, ಬೆಕ್ಕಿಗೆ ಟೆರೇಸ್ ಇಲ್ಲ, ಬೀದಿನಾಯಿಗೆ ಗೇಟಿನ ಬಳಿ ಅನ್ನ ಹಾಕಿದರೆ 500 ರೂಪಾಯಿ ದಂಡ. ಸೆಕ್ರೆಟರಿ ಬೈಲಾ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೊಸಳೆಯ ವಿಷಯದಲ್ಲಿ ಬೈಲಾ ಏನೂ ಹೇಳಿರಲಿಲ್ಲ.

"ಬೊಗಳ್ತದಾ?" ಎಂದು ಎರಡನೇ ಮಹಡಿಯವರು ಕೇಳಿದರು.

"ಇಲ್ಲ."

"ಕೂದಲು ಉದುರ್ತದಾ?"

"ಕೂದಲೇ ಇಲ್ಲ."

"ಮತ್ತೆಂತ ತೊಂದರೆ?" ಎಂದು ಅವರು ಕೂತುಬಿಟ್ಟರು.

ಒಬ್ಬ ಅಮ್ಮ ಎದ್ದು, ಅನಂತಪುರದ ಬಬಿಯಾ ನೈವೇದ್ಯದ ಅನ್ನ ತಿನ್ನುತ್ತಿತ್ತಲ್ಲ, ಇದನ್ನೂ ಹಾಗೆ ಅಭ್ಯಾಸ ಮಾಡಿಸಬಾರದಾ ಎಂದರು. ಕುಂಬಳೆ ಹತ್ತಿರದ ಆ ದೇವಸ್ಥಾನದ ಕೆರೆಯ ಮೊಸಳೆ ನಮಗೆಲ್ಲ ಬೇಕಾದದ್ದು. 2022ರ ಅಕ್ಟೋಬರ್‌ನಲ್ಲಿ ಅದು ತೀರಿಕೊಂಡಾಗ ನೋಡಲು ಊರೇ ಸೇರಿತ್ತು. ಆದರೆ ಬಬಿಯಾನನ್ನು ಯಾರೂ ಆರ್ಡರ್ ಮಾಡಿ ತರಿಸಿರಲಿಲ್ಲ. ಅದಕ್ಕೊಂದು ಕೆರೆಯಿತ್ತು, ಗುಹೆಯಿತ್ತು. ಅನ್ನ ಬೇಡವಾದರೆ ನೀರಿಗೆ ಇಳಿದು ತನ್ನಷ್ಟಕ್ಕೆ ಇರುವ ಸ್ವಾತಂತ್ರ್ಯವಿತ್ತು. ಇಲ್ಲಿರುವುದು ಗ್ಲಾಸಿನ ಟ್ಯಾಂಕ್, ಎದುರಿಗೆ ಟೀವಿ.

ಪ್ರಶ್ನೆ ಅಂತ ಕೇಳಿದ್ದು ನಾಲ್ಕನೇ ಮಹಡಿಯ ನಿವೃತ್ತ ಜೀವಶಾಸ್ತ್ರದ ಟೀಚರ್ ಒಬ್ಬರೇ. "ಇದು ಮೂವತ್ತು ನಲವತ್ತು ವರ್ಷ ಬದುಕ್ತದೆ. ನಿಮಗೆ ಈಗ ಎಷ್ಟು?"

"ಅರವತ್ತೊಂದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಸಭೆಯಲ್ಲಿದ್ದ ಮುಕ್ಕಾಲು ಜನರ ಮಕ್ಕಳು ದುಬೈ, ದೋಹಾ, ಟೊರಾಂಟೊದಲ್ಲಿದ್ದಾರೆ. ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಹೋಂ ನರ್ಸ್ ಸಿಗುವುದಿಲ್ಲ, ಸಿಕ್ಕವರು ಎರಡು ತಿಂಗಳು ನಿಲ್ಲುವುದಿಲ್ಲ. ಮಾತ್ರೆ ತಗೊಂಡ್ರಾ ಎಂದು ಕೇಳುವುದು ವಾಟ್ಸಾಪಿನಲ್ಲಿ. ಇನ್ನು ಇಲಿ ಹಾಕಿದ್ರಾ ಎಂದೂ ಅಲ್ಲೇ ಕೇಳಬೇಕು. ಆಸ್ತಿ ಪಾಲಿಗೆ ಟಿಕೆಟ್ ಮಾಡಿಸಿಕೊಂಡು ಬರುವ ಮಕ್ಕಳು ಮೊಸಳೆ ಪಾಲಿಗೆ ಬರುತ್ತಾರಾ ನೋಡಬೇಕು.

ಯಜಮಾನರಿಗೆ ಅದಕ್ಕೂ ಉತ್ತರವಿತ್ತು. "ಆಗದಿದ್ರೆ ಪಿಲಿಕುಳದ ಮೃಗಾಲಯಕ್ಕೆ ಕೊಡುವ. ಇಲ್ಲ ನೇತ್ರಾವತಿ ಉಂಟಲ್ಲ."

ಇದು ಅವರೊಬ್ಬರ ಮಾತಲ್ಲ. ಬೇಸರ ಬಂದದ್ದನ್ನೆಲ್ಲ ನೀರಿಗೆ ಬಿಡುವುದು ನಮ್ಮ ಹಳೆಯ ಪದ್ಧತಿ. ನಾಣ್ಯದಷ್ಟಿದ್ದ ಕೆಂಪು ಕಿವಿಯ ಆಮೆಯನ್ನು ಅಕ್ವೇರಿಯಂ ಅಂಗಡಿಯಿಂದ ಮಕ್ಕಳಿಗೆ ಕೊಡಿಸಿದವರು, ಅದು ತಟ್ಟೆಯಷ್ಟಾದಾಗ ಕೆರೆಗೆ ಬಿಟ್ಟರು. ಕೇರಳದಲ್ಲಿ ಈಗ ಅದನ್ನು ಹುಡುಕಿ ಹಿಡಿಯುವ ಕೆಲಸ ನಡೆದಿದೆ. ಊರಿನ ಆಮೆಗಳ ಅನ್ನ ಅದು ತಿನ್ನುತ್ತಿದೆ. ನೇತ್ರಾವತಿಗೆ ಬಿಟ್ಟರೆ ತುಂಬೆಯ ನೀರಿನ ಜತೆ ನಮ್ಮ ನಲ್ಲಿಗೆ ಅದೇನೂ ಬರುವುದಿಲ್ಲ, ಅಷ್ಟು ಧೈರ್ಯ ಕೊಡಬಹುದು. ಮೃಗಾಲಯದವರಂತೂ ಯಾರ್ಯಾರ ಚಟದ ಮಿಕ್ಕಿದ್ದಕ್ಕೆಲ್ಲ ಕೊಟ್ಟಿಗೆ ಕಟ್ಟಿಕೊಂಡು ಕೂತಿಲ್ಲ.

ಟೀಚರ್ ಇನ್ನೂ ಏನೋ ಹೇಳುವವರಿದ್ದರು. ಸೆಕ್ರೆಟರಿ ಗಡಿಯಾರ ನೋಡಿದರು. ನೋಂದಣಿಯ ಸರ್ಟಿಫಿಕೇಟಿನ ಝೆರಾಕ್ಸ್ ಆಫೀಸಿಗೆ ಕೊಡಬೇಕು, ಲಿಫ್ಟಿನಲ್ಲಿ ತರುವಾಗ ಪೆಟ್ಟಿಗೆಯಲ್ಲಿ ತರಬೇಕು, ಎರಡು ಷರತ್ತಿನ ಮೇಲೆ ಮೊಸಳೆ ಪಾಸಾಯ್ತು. ವಿದೇಶಿ ಪ್ರಾಣಿ ಇರುವ ಕದ್ರಿಯ ಮೊದಲ ಅಪಾರ್ಟ್‌ಮೆಂಟ್ ನಮ್ಮದೇ ಆಗಬಹುದು ಎಂದು ಯಾರೋ ಹೇಳಿದ್ದಕ್ಕೆ ಚಪ್ಪಾಳೆಯೂ ಬಿತ್ತು.

ಕೊನೆಯ ವಿಷಯ ವಾಚ್‌ಮನ್‌ನದ್ದು. ಅವನು ಬಾಗಲಕೋಟೆ ಕಡೆಯವನು. ಗಾಳಿಮಳೆಗೆ ತೆಂಗಿನ ಮರದ ಪೊಟರೆಯಿಂದ ಬಿದ್ದ ಗಿಳಿಮರಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಾಳೆಹಣ್ಣು ತಿನ್ನಿಸುತ್ತಿದ್ದ. ಊರಿನ ಗಿಳಿ ಸಾಕುವುದು ಅಪರಾಧ ಎಂದು ಯಾರೋ ಗ್ರೂಪಿನಲ್ಲಿ ಹಾಕಿದ್ದರು. ಮಾತು ನಿಜವೇ, ಕಾಯ್ದೆಯಲ್ಲಿ ಇದೆ. ಅರಣ್ಯ ಇಲಾಖೆಗೆ ಫೋನ್ ಮಾಡಬೇಕು ಎಂದು ಮೊದಲು ಹೇಳಿದ್ದು ಐದನೇ ಮಹಡಿಯ ಯಜಮಾನರೇ. ಕಾನೂನು ಅಂದ್ರೆ ಕಾನೂನು, ನಮ್ಮ ಬಿಲ್ಡಿಂಗಿಗೆ ಕೆಟ್ಟ ಹೆಸರು ಬರಬಾರದು ಎಂದರು.

ವಾಚ್‌ಮನ್ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಸಾಹೇಬ್ರ, ಮೊಸಳಿಗಿ ಫಾರ್ಮ್ ಐತಂದ್ರಲ್ಲ, ಇದಕ್ಕೂ ಒಂದು ಕೊಡಸ್ರಿ. ರೆಕ್ಕಿ ಬಲತು ಹಾರೂ ತನಕ ಸಾಕು."

ಸೆಕ್ರೆಟರಿ ಪೋರ್ಟಲ್ ತೆಗೆದು ನೋಡಿದರು. ಪಟ್ಟಿಯಲ್ಲಿ ದಕ್ಷಿಣ ಅಮೆರಿಕದ ಮಕಾವ್ ಗಿಳಿ ಇತ್ತು, ಆಫ್ರಿಕಾದ ಬೂದು ಗಿಳಿ ಇತ್ತು. ಕದ್ರಿಯ ತೆಂಗಿನ ಮರದ್ದು ಇರಲಿಲ್ಲ.