‘ಇಲ್ಲ, ಇಲ್ಲ’ ಅಂತಲೇ ಪರಿಚಯ ಮಾಡಿಸುವ ಪ್ರಾಣಿ

ಮಗಳು ಮೊದಲ ಪಿಯುಸಿ. ಮೊನ್ನೆ ರಾತ್ರಿ ಊಟ ಮುಗಿಸಿ ಜೀವಶಾಸ್ತ್ರ ಉರು ಹೊಡೆಯುತ್ತಿದ್ದಳು. “ಸ್ಪಂಜು. ಅಂಗಾಂಶ ಇಲ್ಲ. ನರ ಇಲ್ಲ. ಹೃದಯ ಇಲ್ಲ. ಹೊಟ್ಟೆ ಇಲ್ಲ.” ಪಾತ್ರೆ ತೊಳೆಯುತ್ತಿದ್ದ ನನಗೆ ನಗು ಬಂತು. ಯಾರನ್ನಾದರೂ ಪರಿಚಯ ಮಾಡಿಸುವಾಗ ‘ಇವರಿಗೆ ಸೈಟಿಲ್ಲ, ಕಾರಿಲ್ಲ, ಸರ್ಕಾರಿ ಕೆಲಸ ಇಲ್ಲ’ ಅಂತ ಶುರು ಮಾಡ್ತೀವಾ?

ನನ್ನ ಕೈಯಲ್ಲಿದ್ದ ಹಳದಿ ಸ್ಪಂಜು ಪ್ಲಾಸ್ಟಿಕ್ಕಿನದು. ನಮ್ಮಜ್ಜಿ ಮೈ ತಿಕ್ಕುತ್ತಿದ್ದದ್ದು ಒಣಗಿದ ಹೀರೇಕಾಯಿ ನಾರಿನಲ್ಲಿ. ನಿಜವಾದ ಸ್ಪಂಜು ಇವೆರಡೂ ಅಲ್ಲ. ಅದು ನೀರಿನಡಿ ಬಂಡೆಗೆ ಅಂಟಿಕೊಂಡು ಬದುಕುವ ಪ್ರಾಣಿ. ಸ್ನಾನಕ್ಕೆಂದು ಮಾರುವ ಅಸಲಿ ಸ್ಪಂಜು ಅದು ಸತ್ತ ಮೇಲೆ ಉಳಿದ ನಾರಿನ ಹಂದರ, ಅಷ್ಟೇ.

ಪುಸ್ತಕ ಇದನ್ನು ‘ಸರಳ ಪ್ರಾಣಿ’ ಅನ್ನುತ್ತದೆ. ನನ್ನ ತಕರಾರು ಅಲ್ಲೇ. ಲ್ಯೂಕೋನಿಯಾ ಅಂತ ಒಂದು ಸ್ಪಂಜು ಇದೆ. 10 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಅಷ್ಟರಲ್ಲೇ ನೀರು ಒಳಬರಲು ಸುಮಾರು 81,000 ಕಾಲುವೆ, ಒಳಗೆ 20 ಲಕ್ಷಕ್ಕೂ ಜಾಸ್ತಿ ಪುಟ್ಟ ಕೋಣೆ! ಕೋಣೆಯ ಗೋಡೆಗೆ ಸಾಲಾಗಿ ಕೊರಳಕೋಶಗಳು. ಒಂದೊಂದಕ್ಕೂ ಚಾಟಿಯಂಥ ಒಂದು ಎಳೆ, ಅದರ ಸುತ್ತ ಜರಡಿಯಂಥ ಕೊರಳಪಟ್ಟಿ. ಚಾಟಿ ಬೀಸಿದಂತೆ ನೀರು ಒಳಗೆ ಬರುತ್ತದೆ, ಬ್ಯಾಕ್ಟೀರಿಯಾ ಪಟ್ಟಿಗೆ ಸಿಕ್ಕಿಬೀಳುತ್ತವೆ. ಅದೇ ಊಟ.

ಕೋಣೆಗಳೆಲ್ಲ ಸೇರಿದರೆ ಜಾಗ ಬಹಳ. ಹಾಗಾಗಿ ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಆರಾಮಾಗಿ ಸೋಸಬಹುದು. ಆಮೇಲೆ ಮೇಲಿನ ಒಂದೇ ಕಿರಿದಾದ ಬಾಯಿಂದ ಸೆಕೆಂಡಿಗೆ 8 ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ ಚಿಮ್ಮುತ್ತದೆ. ಬಳಸಿದ ನೀರು ದೂರ ಹೋಗಿ ಬೀಳಬೇಕಲ್ಲ, ಇಲ್ಲದಿದ್ದರೆ ಅದೇ ಕೊಳೆ ಮತ್ತೆ ಒಳಗೆ ಬರುತ್ತದೆ. ನಮ್ಮ ಬೀದಿಯ ಚರಂಡಿ ಕಟ್ಟಿದವರಿಗೆ ಇಷ್ಟು ಹೊಳೆಯಲಿಲ್ಲ.

ಇದನ್ನು ಗಿಡ ಅಂದುಕೊಂಡವರೂ ತುಂಬಾ ಜನ ಇದ್ದರು. 1820ರ ದಶಕದಲ್ಲಿ ಎಡಿನ್‌ಬರೋದ ರಾಬರ್ಟ್ ಗ್ರಾಂಟ್ ಜೀವಂತ ಸ್ಪಂಜಿನ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ತೂತಿನಿಂದ ನೀರು ಉಕ್ಕುವುದನ್ನು ಕಣ್ಣಾರೆ ಕಂಡರು. ಆಗ ಅವರ ಜೊತೆ ಓಡಾಡುತ್ತಿದ್ದ ಒಬ್ಬ ಹುಡುಗ ವಿದ್ಯಾರ್ಥಿಯ ಹೆಸರು ಚಾರ್ಲ್ಸ್ ಡಾರ್ವಿನ್.

ನನಗೆ ನಿದ್ದೆ ಕೆಡಿಸಿದ್ದು ಮಾತ್ರ 1907ರ ಪ್ರಯೋಗ. ಅಮೆರಿಕದ ಎಚ್. ವಿ. ವಿಲ್ಸನ್ ಒಂದು ಸ್ಪಂಜನ್ನು ಕತ್ತರಿಸಿ, ಸಣ್ಣ ಕಣ್ಣಿನ ರೇಷ್ಮೆ ಬಟ್ಟೆಯಲ್ಲಿ ಹಾಕಿ ಹಿಂಡಿದರು, ನಾವು ಕಾಯಿಹಾಲು ಹಿಂಡುವ ಹಾಗೆ. ಪಾತ್ರೆಗೆ ಇಳಿದದ್ದು ಬಿಡಿಬಿಡಿ ಜೀವಕೋಶಗಳು. ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ ಅಲ್ವಾ? ಅವು ತೆವಳಿಕೊಂಡು ಬಂದು ಒಂದಕ್ಕೊಂದು ಅಂಟಿಕೊಂಡವು. ಉಂಡೆಗಳಾದವು. ದಿನ ಕಳೆದಂತೆ ಒಳಗೆ ಮತ್ತೆ ಕಾಲುವೆ, ಕೋಣೆ ಎದ್ದವು. ಪುಟ್ಟ ಪುಟ್ಟ ಸ್ಪಂಜುಗಳೇ ಆದವು! ಹೀಗೆ ಮಾಡು ಅಂತ ಹೇಳಲು ಮಿದುಳೇ ಇಲ್ಲ. ನನ್ನ ಕೈಗೆ ಒಂದು ಮಿಕ್ಸಿ ಬಿಚ್ಚಿ ಕೊಡಿ, ವಾಪಸ್ ಜೋಡಿಸಲು ಆಗಲ್ಲ.

ಓಡಲು ಆಗದ ಪ್ರಾಣಿ ಆದ್ದರಿಂದ ಇದರ ರಕ್ಷಣೆಯೆಲ್ಲ ಮೈಯೊಳಗಿನ ಮುಳ್ಳಿನಲ್ಲಿ ಮತ್ತು ರಸಾಯನದಲ್ಲಿ. ಹಲವು ಸ್ಪಂಜುಗಳ ಮುಳ್ಳು ಗಾಜಿನ ಜಾತಿಯದ್ದು. ರಸಾಯನದ ಲಾಭ ನಮಗೂ ಬಂದಿದೆ. 1950ರ ದಶಕದ ಶುರುವಿನಲ್ಲಿ ಕೆರಿಬಿಯನ್ ಸ್ಪಂಜೊಂದರಲ್ಲಿ ಕಂಡ ವಸ್ತುಗಳ ಜಾಡು ಹಿಡಿದು ಲ್ಯಾಬಿನಲ್ಲಿ ಮಾಡಿದ ಸೈಟರಾಬಿನ್ ಅನ್ನು ಇವತ್ತಿಗೂ ರಕ್ತದ ಕ್ಯಾನ್ಸರಿಗೆ ಕೊಡುತ್ತಾರೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ವಿಲ್ಸನ್ ಕಥೆಗೆ ಮಾತ್ರ ಪುಸ್ತಕದಿಂದ ತಲೆ ಎತ್ತಿದಳು.

“ಅಪ್ಪಾ, ಹಿಂಡಿದ ಮೇಲೆ ಬಂದದ್ದು ಅದೇ ಸ್ಪಂಜಾ?”

“ಒಂದಲ್ಲ ಕಣೇ, ಹಲವು ಆದವು.”

“ಹಾಗಾದ್ರೆ ಮೊದಲಿನದು ಸತ್ತುಹೋಯ್ತಾ?”

ನಾಳೆ ನಿಮ್ಮ ಮೇಡಂನ ಕೇಳು ಅಂತ ಜಾರಿಕೊಂಡೆ.