ಈಶಾನ್ಯ ಸರಿಯಿದೆ, ರಿಜಿಸ್ಟರ್ ಮಾಡಿಸಿ!

2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟಿಗೆ ಏರಿತಲ್ಲ, ಮೈಸೂರಿನವರ ಗೊಣಗಾಟ ಇನ್ನೂ ನಿಂತಿಲ್ಲ. ಕೃತಘ್ನರು! 50 ಲಕ್ಷದ ಮನೆಗೆ ಮುದ್ರಾಂಕ, ಸೆಸ್ಸು, ಸರ್‌ಚಾರ್ಜು, ನೋಂದಣಿ ಎಲ್ಲ ಸೇರಿ 3.80 ಲಕ್ಷ ಕಟ್ಟಿದರೆ ಸರ್ಕಾರ ನಿಮ್ಮ ಫೋಟೊ ತೆಗೆಯುತ್ತದೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತದೆ. ದೇವರಾಜ ಅರಸು ರಸ್ತೆಯ ಯಾವ ಸ್ಟುಡಿಯೊದಲ್ಲಿ ಇಷ್ಟು ತೂಕದ ಫೋಟೊ ಸಿಗುತ್ತದೆ ಹೇಳಿ? ಮಾರಿದವನು ನಿಜಕ್ಕೂ ಮಾಲೀಕನೇ ಎಂಬ ಖಾತರಿ ಮಾತ್ರ ಆ ದುಡ್ಡಿಗೆ ಬರುವುದಿಲ್ಲ. ಅದನ್ನು ನೀವೇ ಹುಡುಕಿಕೊಳ್ಳಬೇಕು.

ನಮ್ಮವರು ಹುಡುಕುವುದು ಈಶಾನ್ಯವನ್ನು. ರಿಂಗ್ ರೋಡಿನಾಚೆ 30×40 ಸೈಟಿನ ನಟ್ಟನಡುವೆ ವಾಸ್ತುವಿನವರು ದಿಕ್ಸೂಚಿ ಹಿಡಿದು ನಿಂತಿರುತ್ತಾರೆ, ಇಡೀ ಸಂಸಾರ ಉಸಿರು ಬಿಗಿಹಿಡಿದಿರುತ್ತದೆ. 'ಅಡುಗೆಮನೆ ಆಗ್ನೇಯಕ್ಕೇ ಬಂತು ಸಾರ್, ಅಡ್ವಾನ್ಸ್ ಕೊಟ್ಬಿಡಿ.' ಅದೇ ನಾಲ್ಕು ದಿಕ್ಕು ಕ್ರಯಪತ್ರದ ಷೆಡ್ಯೂಲಿನಲ್ಲೂ ಇರುತ್ತವೆ, ಚಕ್ಕುಬಂದಿ ಅಂತ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ 41ನೇ ನಂಬರ್ ಸೈಟು. ಅದನ್ನು ಅನುಮೋದಿತ ಲೇಔಟ್ ನಕ್ಷೆಯ ಪಕ್ಕದಲ್ಲಿಟ್ಟು ಟೇಪು ಹಿಡಿಯೋಣವೆಂದರೆ ಅಷ್ಟರಲ್ಲಿ ರಾಹುಕಾಲ! ನಕ್ಷೆಯಲ್ಲಿ ಆ ಜಾಗ ಪಾರ್ಕಾಗಿದ್ದರೆ ನಿಮ್ಮ ಈಶಾನ್ಯದಲ್ಲಿ ದೇವರಮನೆ ಬದಲು ಜಾರುಬಂಡೆ.

ಆಮೇಲೆ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಸಾಲಗಳನ್ನು ತೋರಿಸುವ ಋಣಭಾರ ಪತ್ರ. ಮಾರುವವರು ವರ್ಷದ್ದೊಂದು ತೋರಿಸಿ ನಗುತ್ತಾರೆ. 30 ವರ್ಷದ್ದು ಕೇಳಿದರೆ ನೀವು ಅನುಮಾನದ ಪಿಶಾಚಿ. ಯಾವ ವ್ಯವಹಾರವೂ ಇಲ್ಲ ಎನ್ನುವ ಇಸಿ, ಅಂದರೆ ಫಾರಂ 16 ಬಂದರೆ ಆಸ್ತಿ ಅಪ್ಪಟ ಚಿನ್ನವಂತೆ. ಅರ್ಜಿಯಲ್ಲಿ ಸರ್ವೆ ನಂಬರಿನ ಒಂದಂಕಿ ತಪ್ಪಾದರೂ ಅದೇ ಫಾರಂ 16 ಬರಬಹುದು ಸ್ವಾಮಿ! ನೋಂದಣಿಯಾಗದ ಅಗ್ರಿಮೆಂಟು, ತಂಗಿಯರು ಹೂಡಿದ ಭಾಗದ ದಾವೆ ಅದರಲ್ಲಿ ಕಾಣಬೇಕೆಂದಿಲ್ಲ. ಅದಕ್ಕೇ ವಂಶವೃಕ್ಷ ಕೇಳುವುದು. 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ, ಬರೀ ಅಣ್ಣಂದಿರ ಸಹಿ ಸಾಲದು. ಬರೀ ಜಿಪಿಎ (ಮಾಲೀಕ ಬೇರೊಬ್ಬನಿಗೆ ಬರೆದುಕೊಟ್ಟ ಅಧಿಕಾರಪತ್ರ) ಮೇಲಿನ ಮಾರಾಟಕ್ಕೆ ಹಕ್ಕು ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಮ್ಮ ಬ್ರೋಕರುಗಳಿಗೆ ಆ ತೀರ್ಪು ಇನ್ನೂ ಬಟವಾಡೆಯಾಗಿಲ್ಲ.

ಮೂಲ ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದೇ? ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ವಾಪಸ್ ಹೋಗಬಹುದು. 2023ರ ತಿದ್ದುಪಡಿಯ ಮೇಲೆ ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ. ಮಂಜೂರಾತಿ ಪಡೆದವನ ತಪ್ಪಲ್ಲ ಅದು. ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಅನ್ಯಕ್ರಾಂತ ಆದೇಶಕ್ಕೂ ಹಿಂದಿನ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ತೆಗೆಸದೆ ಇದು ಗೊತ್ತಾಗುವುದೂ ಇಲ್ಲ.

ಪಹಣಿಯ 'ಭೂಮಿ' ಸರ್ಕಾರದ್ದು, ನೋಂದಣಿಯ 'ಕಾವೇರಿ' ಸರ್ಕಾರದ್ದು, ಇ-ಖಾತೆಯೂ ಸರ್ಕಾರದ್ದೇ. ತಾಳೆ ನೋಡುವ ಕೆಲಸ ಮಾತ್ರ, ಪಿಎಫ್ ಹಣ ಹಿಡಿದು ಬಂದ ನಿವೃತ್ತ ಮೇಷ್ಟ್ರದ್ದು. ಎರಡು ಪರ್ಸೆಂಟ್ ಯಾವುದಕ್ಕೆ ತಗೊಂಡಿರಿ ಹಾಗಾದರೆ?