ಆರ್ಡರಲ್ಲಿ ಮಗಳಿಗೆ ಇನ್ನೂ ಆರೇ ವರ್ಷ

ಮಗಳ ಖರ್ಚಿನ ಹಳೇ ಆರ್ಡರ್ ಬದಲಾಯಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿದೀನಿ. ಮೊನ್ನೆ ಹಾಸನ ಕೋರ್ಟಿಂದ ವಾಪಸ್ ಬರ್ತಾ ಬಸ್ಸಲ್ಲಿ ಪರಿಚಯದ ಅಕ್ಕ ಒಬ್ರು ಕೇಳಿದ್ರು, "ಡೈವೋರ್ಸ್ ಆಗಿ ಇಷ್ಟು ವರ್ಷ ಆಯ್ತಲ್ಲವ್ವ, ಮತ್ಯಾಕೆ ಕೆದುಕ್ತೀಯ?" ಅಂತ. ಅಷ್ಟು ಜನರ ಮಧ್ಯೆ ಏನ್ ಹೇಳೋದು, ಸುಮ್ನೆ ನಕ್ಕೆ, ಇಲ್ಲಿ ಬರೀತಿದೀನಿ.

2016ರಲ್ಲಿ ಇಬ್ರೂ ಒಪ್ಪಿ ಬೇರೆ ಆದಾಗ ಮಗಳಿಗೆ ಆರು ವರ್ಷ. ಅವಳ ಖರ್ಚಿಗೆ ತಿಂಗಳಿಗೆ 4,000, ಭಾನುವಾರ 10 ಗಂಟೆಗೆ ಬಸ್ ಸ್ಟ್ಯಾಂಡಲ್ಲಿ ಅವಳ ಅಪ್ಪನ ಕೈಗೆ ಕೊಡೋದು 5ಕ್ಕೆ ವಾಪಸ್ ಕರ್ಕೊಳೋದು ಅಂತ ಆರ್ಡರ್. ಆಗ ಅವ್ರು ಸಕಲೇಶಪುರದ ಕಡೆ ಎಸ್ಟೇಟಲ್ಲಿ ರೈಟರು (ಲೆಕ್ಕ ಬರೆಯೋರು), ಸಂಬಳ ಅಷ್ಟಕ್ಕಷ್ಟೆ, ನಾನೂ ಜಾಸ್ತಿ ಕೇಳ್ಲಿಲ್ಲ. ಈಗ ಅವರಪ್ಪನ ತೋಟ ಭಾಗಕ್ಕೆ ಬಂದಿದೆ, ಕಾಫಿ ರೇಟ್ ಎಲ್ಲಿಗ್ ಹೋಗಿತ್ತು ನಿಮಗೇ ಗೊತ್ತು. ಮಗಳು ಹೈಸ್ಕೂಲ್ ಮುಗಿಸ್ತಿದಾಳೆ, ಭಾನುವಾರ ಟ್ಯೂಷನ್ನು, ಅಪ್ಪನ್ನ ಯಾವಾಗ ನೋಡೋದು ಅಂತ ಅವಳೇ ವಾಟ್ಸಾಪಲ್ಲಿ ಮಾತಾಡ್ಕೋತಾಳೆ, ಆದ್ರೆ ಆರ್ಡರಲ್ಲಿ ಮಾತ್ರ ಇನ್ನೂ ನನ್ನ ಸೆರಗು ಹಿಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ನಿಂತಿದಾಳೆ.

ಇದು ಕೆದಕೋದಲ್ಲ ಕಣ್ರೀ. ಹಿಂದೂ ವಿವಾಹ ಕಾಯ್ದೆ 26ನೇ ಸೆಕ್ಷನ್ನಲ್ಲೇ ಇದೆ, ಡಿಕ್ರಿ (ಡೈವೋರ್ಸಿನ ಕೊನೇ ತೀರ್ಪು) ಆದ್ಮೇಲೂ ಮಕ್ಕಳ ಕಸ್ಟಡಿ, ಓದು, ಖರ್ಚಿನ ಆರ್ಡರ್ ಬದಲಾಯಿಸ್ಬೋದು. ಒಪ್ಪಂದದ ಮೇಲೆ ಆಗಿರೋ ಕಸ್ಟಡಿ ಆರ್ಡರೂ ಮಗುವಿನ ಒಳ್ಳೇದಕ್ಕೆ ಬದಲಾಗ್ಬೋದು ಅಂತ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ. ಹೆಂಡ್ತಿ ಅಥವಾ ಗಂಡನ ಜೀವನಾಂಶಕ್ಕೆ ಅದೇ ಕಾಯ್ದೆಯ ಸೆಕ್ಷನ್ 25(2), ಪರಿಸ್ಥಿತಿ ಬದಲಾದ್ರೆ ಏರ್ಸಕ್ಕೂ ಇಳಿಸಕ್ಕೂ. ನಾಳೆ ತೋಟ ಲಾಸ್ ಆದ್ರೆ ಅವ್ರೂ ಅರ್ಜಿ ಹಾಕ್ಲಿ, ನಾನೇನ್ ಬೇಡ ಅನ್ನಲ್ಲ. ಫೋನಲ್ಲಿ ಮಾತ್ರ ಮುಗಿಸ್ಕೋಬೇಡಿ. ಲಾಕ್‌ಡೌನಲ್ಲಿ "ಎರಡು ಸಾವ್ರ ಕಳಿಸ್ತೀನಿ ಕಣೆ" ಅಂದ್ರು, ಹೂಂ ಅಂದೆ. ಬರೀ ಆ ಮಾತಿಗೆ ಆರ್ಡರ್ ಬದಲಾಗಿಲ್ಲ, ನಾನು ಹಠ ಹಿಡಿದಿದ್ರೆ ಬಾಕಿ ಅಷ್ಟೂ ಅವರ ತಲೆ ಮೇಲೆ ಬರ್ತಿತ್ತು.

ಆಸ್ತಿ ಕಥೆ ಬೇರೆ. ಜಂಟಿ ಹೆಸರಲ್ಲಿದ್ದ ಸೈಟಿಗೆ ದುಡ್ಡು ತಗೊಂಡು ನಾನೇ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡ್ಕೊಟ್ಟೆ, ಈಗ ಆ ರಸ್ತೇಲಿ ಹೋದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ರೇಟ್ ಏರ್ತು ಅಂತ ಅದನ್ನ ವಾಪಸ್ ಕೇಳಕ್ಕಾಗಲ್ಲ. ತೋಟದಲ್ಲೂ ನನಗೆ ಭಾಗ ಇಲ್ಲ, ಬೇಕಾಗೂ ಇಲ್ಲ. ಅದರ ಆದಾಯ ಮಗಳ ಖರ್ಚಿನ ಲೆಕ್ಕಕ್ಕೆ ಬರುತ್ತೆ, ಅಷ್ಟೇ ನನ್ನ ಪಾಯಿಂಟು.

ಸುಪ್ರೀಂ ಕೋರ್ಟಿನ 2020ರ ರಜನೇಶ್-ನೇಹಾ ತೀರ್ಪು ಬಂದ್ಮೇಲೆ ಜೀವನಾಂಶದ ಕೇಸಲ್ಲಿ ಇಬ್ರೂ ಆಸ್ತಿ, ಸಾಲದ ಅಫಿಡವಿಟ್ ಕೊಡ್ಬೇಕು. ರಾತ್ರಿ ಅಡುಗೆಮನೇಲಿ ಕೂತು ಹೊಲಿಗೆ ಮಷಿನ್, ಪೋಸ್ಟ್ ಆಫೀಸ್ ಆರ್‌ಡಿ, ಅಡ ಇಟ್ಟಿರೋ ಸರ ಎಲ್ಲಾ ಬರೆದೆ, ಮಗಳು ಇಣುಕಿ ನೋಡಿ "ಅಮ್ಮಾ ಮಿಕ್ಸಿ ಬರೀಲಿಲ್ವಾ" ಅಂದ್ಲು. ಅವ್ರದ್ದಿನ್ನೂ ಬಂದಿಲ್ಲ. ಮುಂದಿನ ಡೇಟ್ ಕೊಯ್ಲಿನ ಟೈಮಿಗೆ ಬಿದ್ದಿದೆ, ಆಳು ಸಿಕ್ಕಲ್ಲ ಬರಕ್ಕಾಗಲ್ಲ ಅಂತ ಅವರ ಲಾಯರ್ ಈಗ್ಲೇ ವಾಯ್ದೆ ಕೇಳ್ತಿದಾರೆ.